ಕನಕಾಂಬರವನ್ನು ತಾರಸಿಯ ಬಿಸಿಲಲ್ಲಿ ಸುಡಬೇಡಿ

ನಮ್ಮ ಬೀದಿಯಲ್ಲಿ ಪ್ರತಿ ವರ್ಷ ಇದೇ ಕಥೆ. ಆಗಸ್ಟ್‌ನಲ್ಲಿ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನಕ್ಕೆ ಹೋಗುತ್ತಾರೆ, ಬರುವಾಗ ಕನಕಾಂಬರದ ಗಿಡ ತಂದು ತಾರಸಿಯಲ್ಲಿ ಇಡುತ್ತಾರೆ. ಏಪ್ರಿಲ್ ಹೊತ್ತಿಗೆ ಬರೀ ಕಡ್ಡಿ. ಆಮೇಲೆ 'ಆಂಟಿ, ನಮ್ಮ ಕೈಗುಣ ಸರಿಯಿಲ್ಲ' ಅಂತ ಬರುತ್ತಾರೆ. ಕೈಗುಣ ಅಲ್ಲಮ್ಮಾ, ಜಾಗ ಸರಿಯಿಲ್ಲ!

ಇದು ನಮ್ಮ ದಕ್ಷಿಣ ಭಾರತದ, ಶ್ರೀಲಂಕಾದ ಗಿಡ. ಅರೆನೆರಳಲ್ಲಿ ಹಾಯಾಗಿರುತ್ತದೆ. ಬಸವನಗುಡಿಯ ನಮ್ಮ ಹಿತ್ತಲಲ್ಲಿ ತೆಂಗಿನಮರದ ಬುಡದ ಹತ್ತಿರ, ಒಗೆಯುವ ಕಲ್ಲಿನ ಪಕ್ಕ ಇತ್ತು. ಬೆಳಗಿನ ಎಳೆಬಿಸಿಲು, ಮಧ್ಯಾಹ್ನ ನೆರಳು. ಮಣ್ಣು ಹಿಂಡಿದ ಬಟ್ಟೆಯಷ್ಟು ಒದ್ದೆಯಿದ್ದರೆ ಸಾಕು. ಕುಂಡದ ಕೆಳಗೆ ತಟ್ಟೆಯಿಟ್ಟು ನೀರು ನಿಲ್ಲಿಸಿದರೆ ಬೇರು ಕೊಳೆಯುತ್ತದೆ. ಅಮ್ಮ ಬಟ್ಟೆಯನ್ನು ಕೊನೆಯ ಸಲ ಜಾಲಿಸಿದ ನೀರನ್ನಷ್ಟೇ ಗಿಡಕ್ಕೆ ಬಿಡುತ್ತಿದ್ದರು. ನೀವು ಮೆಷಿನ್‌ಗೆ ಸುರಿಯುವ ಸೋಪಿನ ಪುಡಿ ನೋಡಿದರೆ ಅದನ್ನೂ ಬಿಡಬೇಡಿ ಅಂತೀನಿ.

ಈಗ ಬೀಜದ ವಿಷಯ. ಇದನ್ನು ಯಾರೂ ಸರಿಯಾಗಿ ಮಾಡುವುದಿಲ್ಲ. ಹೂವೆಲ್ಲ ಮುಗಿದ ತೆನೆಯನ್ನು ಕತ್ತರಿಸಿ ಎಸೆಯುತ್ತಾರೆ, ಅಯ್ಯೋ! ಚೆನ್ನಾಗಿ ಬೆಳೆದ ನಾಲ್ಕು ತೆನೆ ಗಿಡದಲ್ಲೇ ಒಣಗಲಿ. ಒಣಹುಲ್ಲಿನ ಬಣ್ಣಕ್ಕೆ ಬಂದಾಗ, ಇಬ್ಬನಿ ಆರಿದ ಮೇಲೆ, ಒಣಗಿದ ಕೈಯಲ್ಲಿ ಕೊಯ್ಯಿರಿ. ಮಳೆ ಬರುವ ಮೊದಲೇ ಕೊಯ್ಯಬೇಕು. ನೀರು ಸೋಕಿದರೆ ಕಾಯಿ ಸಿಡಿದು ಬೀಜ ಎಲ್ಲೋ ಹಾರಿಹೋಗುತ್ತದೆ. ಕೊಯ್ದದ್ದನ್ನು ಕಾಗದದ ಪೊಟ್ಟಣದಲ್ಲಿ ನಾಲ್ಕು ದಿನ ಇಡಿ. ಆಮೇಲೆ ಅಗಲವಾದ ಸ್ಟೀಲ್ ಡಬ್ಬಿಗೆ ಹಾಕಿ, ಬೆರಳು ಅದ್ದಿ ನೀರು ಚಿಮುಕಿಸಿ, ತಕ್ಷಣ ಮುಚ್ಚಳ ಹಾಕಿ. ತೆರೆದು ನೋಡಬೇಡಿ, ಸುಮ್ನೆ ಕೂತು ಕೇಳಿ. ಟಪ್, ಟಪ್ ಅಂತ ಒಂದೊಂದೇ ಕಾಯಿ ಸಿಡಿಯುತ್ತದೆ. ನಾನೂ ತಂಗಿಯೂ ಡಬ್ಬಿಗೆ ಕಿವಿ ಹಚ್ಚಿ ಲೆಕ್ಕ ಹಾಕುತ್ತಿದ್ದೆವು. ಶಬ್ದ ನಿಂತ ಮೇಲೆ ಒಂದು ಹಿಡಿ ಒಣ ಮರಳು ಹಾಕಿ ಕೈಯಾಡಿಸಿ. ನೆಂದ ಬೀಜ ಒಂದಕ್ಕೊಂದು ಅಂಟಿಕೊಂಡಿರುತ್ತದೆ, ಮರಳು ಸೇರಿದರೆ ಬಿಡಿಯಾಗುತ್ತದೆ. ಅದೇ ದಿನ ಉದುರಿಸಿ, ಮೇಲೆ ಜರಡಿ ಹಿಡಿದ ಮಣ್ಣನ್ನು ತೆಳ್ಳಗೆ ಹಾಕಿ. ನಾಳೆ ನೋಡೋಣ ಅಂದರೆ ಹಾಳು.

ಡೆಲ್ಲಿ ಕನಕಾಂಬರ ಅನ್ನುವ ತಳಿಗೆ ಇದು ನಡೆಯದು, ಅದು ಬೀಜ ಕಟ್ಟುವುದಿಲ್ಲ. ಎಳೆ ಕಡ್ಡಿ ನೆಡಿ.

ಡಿಸೆಂಬರ್ ಚಳಿಗೆ ಹೂ ಕಡಿಮೆಯಾಗುತ್ತದೆ. ಗಾಬರಿಯಾಗಿ ಗೊಬ್ಬರ ಸುರಿಯಬೇಡಿ. ಶಿವರಾತ್ರಿ ಕಳೆಯಲಿ, ತಾನೇ ತೆನೆ ಬಿಡುತ್ತದೆ.