ತೂಕವೋ ವಿಳಾಸವೋ: ಡೀಬಗರ್‌ಗೆ ಆಬ್ಜೆಕ್ಟ್ ಗುರುತಿಸಲು ಕಲಿಸಿದ ಬಗೆ

ಕಲಬುರಗಿಯ ಒಂದು ತೊಗರಿಬೇಳೆ ಮಿಲ್ಲಿನ ವೇಬ್ರಿಜ್‌ಗಾಗಿ ಸಿ++ನಲ್ಲಿ ಬರೆದ ತಂತ್ರಾಂಶ ಸುಗ್ಗಿಯ ಹೊತ್ತಿನಲ್ಲಿ ಆಗಾಗ ನಿಂತುಹೋಗುತ್ತಿತ್ತು. ನನ್ನ ಕೈಗೆ ಬಂದದ್ದು ಅದರ ಕೋರ್ ಫೈಲ್ (ನಿಂತ ಕ್ಷಣದ ಮೆಮೊರಿಯ ಪ್ರತಿ) ಮತ್ತು ಡೀಬಗ್ ಮಾಹಿತಿ, ಅಂದರೆ ಯಾವ ವೇರಿಯಬಲ್ ಯಾವ ಬಗೆಯದು ಎಂಬಂಥ ದಾಖಲೆ, ಇಲ್ಲದ ಪ್ರೋಗ್ರಾಂ. ಆ ಮಾಹಿತಿ ಇದ್ದಿದ್ದರೆ ಜಿಡಿಬಿ ಎಂಬ ಡೀಬಗರ್ (ದೋಷ ಹುಡುಕುವ ತಂತ್ರಾಂಶ) ಊಹೆಗೆ ಇಳಿಯುವುದಿಲ್ಲ: ವೇರಿಯಬಲ್‌ನ ಟೈಪ್ ಪಾಯಿಂಟರ್ ಎಂದು ದಾಖಲಾಗಿದ್ದರೆ ಅದು ಪಾಯಿಂಟರ್ (ಮೆಮೊರಿಯ ಒಂದು ಜಾಗದ ವಿಳಾಸ), ಅಷ್ಟೆ. ಇಲ್ಲಿ ಉಳಿದಿದ್ದದ್ದು ಸಿಂಬಲ್ ಪಟ್ಟಿ (ಹೆಸರುಗಳು ಮತ್ತು ಅವುಗಳ ವಿಳಾಸಗಳು) ಮಾತ್ರವಾದ್ದರಿಂದ, ಸ್ಟ್ಯಾಕ್‌ನ, ಅಂದರೆ ಫಂಕ್ಷನ್‌ಗಳು ತಾತ್ಕಾಲಿಕವಾಗಿ ಬಳಸುವ ಮೆಮೊರಿಯ, ಪ್ರತಿ 8 ಬೈಟ್‌ಗಳ ಮೌಲ್ಯವೂ ಯಾವುದಾದರೂ ಆಬ್ಜೆಕ್ಟ್‌ನ ವಿಳಾಸವೇ ಎಂದು ಪರೀಕ್ಷಿಸುವ ಸ್ಕ್ರಿಪ್ಟ್ ಒಂದನ್ನು ಜಿಡಿಬಿಯ ಪೈಥಾನ್ ಸೌಲಭ್ಯದಲ್ಲಿ ಬರೆದೆ.

ಮೊದಲ ಜರಡಿ ಸುಲಭದ್ದು. 8ರಿಂದ ಭಾಗವಾಗದ, ಮೇಲಿನ 16 ಬಿಟ್‌ಗಳು ಸೊನ್ನೆಯಲ್ಲದ, ಪ್ರೋಗ್ರಾಂಗೆ ಮ್ಯಾಪ್ ಆದ (ಬಳಕೆಗೆ ಒದಗಿಸಿದ) ಯಾವ ಮೆಮೊರಿ ಭಾಗಕ್ಕೂ ಸೇರದ ಮೌಲ್ಯಗಳನ್ನು ಕೈಬಿಟ್ಟೆ. ಲಾರಿಯ ತೂಕ 42,350 ಕಿಲೋ ಎಂಬುದು ಡಬಲ್ ಆಗಿ (8 ಬೈಟ್‌ಗಳ ದಶಮಾಂಶ ಸಂಖ್ಯೆಯಾಗಿ) ಕೂತಿದ್ದರೆ, ಅದರ ಘಾತಾಂಕದ ಬಿಟ್‌ಗಳು ಮೇಲ್ತುದಿಯಲ್ಲೇ ಇರುವುದರಿಂದ ಇಲ್ಲಿಯೇ ಉದುರುತ್ತದೆ. ರೈತರ ಹೆಸರುಗಳ ಯುಟಿಎಫ್-8 ಬೈಟ್‌ಗಳೂ ಬಹುಪಾಲು ಹಾಗೆಯೇ ಉದುರಿದವು. ಕನ್ನಡದ ಪ್ರತಿ ಅಕ್ಷರಚಿಹ್ನೆ 224ರಿಂದ ಆರಂಭವಾಗುವ ಮೂರು ಬೈಟ್‌ಗಳಾಗಿರುವುದು ಈ ಕೆಲಸಕ್ಕೆ ಅನುಕೂಲವೇ ಆಯಿತು.

ಉಳಿದವುಗಳ ವಿಚಾರಣೆ ಮೌಲ್ಯದಲ್ಲಿಲ್ಲ, ಅದು ತೋರಿಸುವ ಜಾಗದಲ್ಲಿದೆ. ಲಿನಕ್ಸ್‌ನಲ್ಲಿ ಜಿಸಿಸಿ ಕಂಪೈಲರ್ ಪಾಲಿಸುವ ನಿಯಮದಂತೆ, ವರ್ಚುವಲ್ ಫಂಕ್ಷನ್‌ಗಳಿರುವ (ಯಾವ ಕ್ಲಾಸಿನ ಫಂಕ್ಷನ್ ಓಡಬೇಕೆಂದು ಓಡುವಾಗ ನಿರ್ಧಾರವಾಗುವ) ಆಬ್ಜೆಕ್ಟ್‌ನ ಮೊದಲ 8 ಬೈಟ್‌ಗಳು ಸಾಮಾನ್ಯವಾಗಿ ಅದರ ಕ್ಲಾಸಿನ ವಿಟೇಬಲ್‌ನೊಳಗೆ (ಆ ಫಂಕ್ಷನ್‌ಗಳ ವಿಳಾಸಗಳ ಪಟ್ಟಿಯೊಳಗೆ), ಅದರ ಸಿಂಬಲ್‌ನಿಂದ 16 ಬೈಟ್ ಮುಂದಕ್ಕೆ ತೋರಿಸುತ್ತವೆ. ಆ ಬಿಂದುವಿಗೆ 8 ಬೈಟ್ ಹಿಂದೆ ಟೈಪ್‌ಇನ್ಫೋದ (ಕ್ಲಾಸಿನ ಗುರುತಿನ ದಾಖಲೆಯ) ವಿಳಾಸವೂ, 16 ಬೈಟ್ ಹಿಂದೆ ಇಡೀ ಆಬ್ಜೆಕ್ಟ್‌ನ ತಲೆಗೆ ಇರುವ ಅಂತರವೂ ಇರುತ್ತವೆ. ಅಂತರ ಸೊನ್ನೆಯಾದರೆ ಸಿಕ್ಕದ್ದೇ ಪೂರ್ಣ ಆಬ್ಜೆಕ್ಟ್. ಋಣವಾದರೆ ನಾವು ಹಿಡಿದಿರುವುದು ಬಹು ಆನುವಂಶಿಕತೆಯ (ಒಂದು ಕ್ಲಾಸ್ ಹಲವು ಬೇಸ್ ಕ್ಲಾಸ್‌ಗಳಿಂದ ಬಂದಿರುವುದರ) ಇನ್ನೊಂದು ಬೇಸ್ ಭಾಗ, ಆ ಅಂತರವನ್ನು ಕೂಡಿಸಿದರೆ ನಿಜವಾದ ಆರಂಭ ಸಿಗುತ್ತದೆ. ವಿಟೇಬಲ್, ಟೈಪ್‌ಇನ್ಫೋ, ಅಂತರ ಈ ಮೂರೂ ಒಂದಕ್ಕೊಂದು ಹೊಂದದಿದ್ದರೆ ಹೆಸರಿಡಬಾರದು ಎಂಬ ಕಟ್ಟುನಿಟ್ಟನ್ನು ನಾನೇ ವಿಧಿಸಿಕೊಂಡೆ, ಏಕೆಂದರೆ ಡೀಬಗರ್ ತಪ್ಪು ಹೆಸರು ಹೇಳುವುದಕ್ಕಿಂತ ಸುಮ್ಮನಿರುವುದು ಮೇಲು.

ಇಷ್ಟಾದರೂ ಆಬ್ಜೆಕ್ಟ್ ಜೀವಂತವಾಗಿದೆ ಎಂದು ಖಚಿತವಾಗುವುದಿಲ್ಲ. ಹೀಪ್‌ನಲ್ಲಿ (ಬೇಕೆಂದಾಗ ಕೇಳಿ ಪಡೆಯುವ ಮೆಮೊರಿಯಲ್ಲಿ) ಅಳಿಸಿದ ಚಿಕ್ಕ ಆಬ್ಜೆಕ್ಟ್‌ನ ಮೊದಲ ಬೈಟ್‌ಗಳ ಮೇಲೆ ಲಿನಕ್ಸ್‌ನ ಮೂಲ ಲೈಬ್ರರಿಯಾದ ಗ್ಲಿಬ್‌ಸಿ ತನ್ನ ಖಾಲಿ ತುಂಡುಗಳ ಕೊಂಡಿಯನ್ನು ಬರೆಯುವುದರಿಂದ ವಿಟೇಬಲ್ ಗುರುತು ಅಳಿಯುತ್ತದೆ. ಸ್ಟ್ಯಾಕ್‌ನಲ್ಲಿಯಾದರೆ ಮುಗಿದುಹೋದ ಫಂಕ್ಷನ್‌ನ ಆಬ್ಜೆಕ್ಟ್ ಗುರುತಿನ ಸಮೇತ ಉಳಿದಿರಬಹುದು. ಆದ್ದರಿಂದ ಈಗಿನ ಸ್ಟ್ಯಾಕ್ ಪಾಯಿಂಟರ್‌ಗಿಂತ (ಬಳಕೆಯಲ್ಲಿರುವ ಸ್ಟ್ಯಾಕ್‌ನ ತುದಿಗಿಂತ) ಕೆಳಗಿನ ವಿಳಾಸಗಳನ್ನು ಬೇರೆ ಪಟ್ಟಿಗೆ ಹಾಕಿದೆ. ವರ್ಚುವಲ್ ಫಂಕ್ಷನ್‌ಗಳಿಲ್ಲದ ಕ್ಲಾಸ್‌ಗಳಿಗೆ ಈ ದಾರಿಯೇ ಇಲ್ಲ; ತೂಕದ ಚೀಟಿಯ ಸ್ಟ್ರಕ್ಟ್ ಅಂಥದ್ದೇ ಆಗಿದ್ದರಿಂದ ಅದನ್ನು ಬೈಟ್ ಬೈಟ್ ಎಣಿಸಿಯೇ ಓದಬೇಕಾಯಿತು.