ನಂದಿ ಬೆಟ್ಟ ಹತ್ತಿದ ಕಾಲಲ್ಲೇ ಲಾ ಮಾರ್ಮೊಟ್

ಕಾರ್ಬನ್ ಫ್ರೇಮ್ ಇಲ್ಲದೆ, ತುಳಿತದ ಬಲ ಅಳೆಯೋ ಪವರ್ ಮೀಟರ್ ಇಲ್ಲದೆ, ಬರೀ ಬೆಂಗಳೂರಿನ ಸುತ್ತಮುತ್ತ ತಯಾರಿ ಮಾಡ್ಕೊಂಡು ಫ್ರಾನ್ಸಿನ ಆಲ್ಪ್ಸ್ ಬೆಟ್ಟಗಳಲ್ಲಿ ಒಂದೇ ದಿನದಲ್ಲಿ ನಡೆಯೋ ಸೈಕಲ್ ಸ್ಪರ್ಧೆ ಲಾ ಮಾರ್ಮೊಟ್ ಮುಗಿಸೋಕಾಗಲ್ಲ ಅಂತ ನಮ್ಮ ಗುಂಪಿನಲ್ಲಿ ಹೇಳದವರೇ ಇರಲಿಲ್ಲ. ಆಗುತ್ತೆ. ಹನ್ನೊಂದು ಗಂಟೆ ಚಿಲ್ಲರೆ ತುಳಿದು, ಕೊನೆಯ ಏರು ಆಲ್ಪ್ ಡುಯೆಜ್ ಮೇಲೆ ಮುಕ್ತಾಯದ ಗೆರೆ ದಾಟಿದೆ. ನನ್ನದಕ್ಕಿಂತ ಮೂರು ಪಟ್ಟು ದುಬಾರಿ ಸೈಕಲ್ಲಿನವರು ಕೆಳಗಿನ ತಿರುವುಗಳಲ್ಲೇ ನೆರಳು ಹುಡುಕಿ ಕೂತಿದ್ದರು.

ಒಟ್ಟು 175 ಕಿ.ಮೀ. ಆಸುಪಾಸು, ಏರು 5,000 ಮೀಟರ್. ಮೊದಲ ಏರು ಗ್ಲಾಂಡೊ 1,924 ಮೀಟರ್, ಹೆಚ್ಚುಕಡಿಮೆ ನಮ್ಮ ಮುಳ್ಳಯ್ಯನಗಿರಿಯಷ್ಟು. ಅದಿನ್ನೂ ಪೀಠಿಕೆ.

ಶುರುವಿನಲ್ಲಿ ದುಡ್ಡು ಕೊಟ್ಟು ತಗೊಂಡ ಇಂಟರ್ವಲ್ ಪ್ಲಾನ್ (ಸ್ವಲ್ಪ ಹೊತ್ತು ಜೋರಾಗಿ, ಸ್ವಲ್ಪ ಹೊತ್ತು ನಿಧಾನವಾಗಿ ತುಳಿಯೋ ತರಬೇತಿ) ಹಿಡಿದು ತಿಂಗಳುಗಟ್ಟಲೆ ತುಳಿದೆ. ಸ್ಪ್ರಿಂಟ್ ಬಂತು, ಆದರೆ ನಂದಿಯ ನಾಲ್ಕನೇ ಸುತ್ತಿಗೆ ಕಾಲು ಸತ್ತುಹೋಗ್ತಿತ್ತು. ಅದನ್ನು ಬಿಟ್ಟು, ಎದೆಬಡಿತ 140 ದಾಟದ ಹಾಗೆ ಬುಡದಿಂದ ತುದಿಗೆ ನಿಧಾನವಾಗಿ ಹತ್ತೋದು, ಇಳಿಯೋದು, ಮತ್ತೆ ಹತ್ತೋದು. ಕೊನೇ ಸುತ್ತಿನ ಸಮಯ ಮೊದಲನೆಯದಕ್ಕಿಂತ ಎರಡು ನಿಮಿಷಕ್ಕಿಂತ ಜಾಸ್ತಿ ಜಾರಬಾರದು, ಅಷ್ಟೇ ನಿಯಮ. ಎಂಟು ಸುತ್ತು ಆದಾಗ ಮೂರೂವರೆ ಸಾವಿರ ಮೀಟರ್ ಆಗಿರುತ್ತೆ.

ಸೈಕಲ್ಲಿಗೆ ಸುರಿದದ್ದು ಗೇರಿಗೆ ಮಾತ್ರ. ಮುಂದಿನ ಚಕ್ರಕ್ಕೆ 34 ಹಲ್ಲು, ಹಿಂದಿನದಕ್ಕೂ 34; ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗುಚ್ಛ), ಉದ್ದ ಕೇಜಿನ ಡಿರೇಲರ್ (ಚೈನನ್ನು ಗೇರಿನಿಂದ ಗೇರಿಗೆ ಸರಿಸೋ ಭಾಗ) ಸೇರಿ ಹತ್ತು ಸಾವಿರದ ಒಳಗೇ ಆಯ್ತು. ಅಲ್ಯೂಮಿನಿಯಂ ಫ್ರೇಮ್ ಹಳೆಯದೇ. ವಿಮಾನ, ವೀಸಾ, ಪ್ರವೇಶ ಶುಲ್ಕ, ವಸತಿ ಎಲ್ಲ ಸೇರಿ ಎರಡೂವರೆ ಲಕ್ಷದ ಹತ್ತಿರ ಹೋಯ್ತು. ಸೈಕಲ್ ಅಂಗಡಿಯ ರಟ್ಟಿನ ಪೆಟ್ಟಿಗೆ ಪುಕ್ಕಟೆ, ಎರಡೂ ಕಡೆ ಗಟ್ಟಿಯಾಗಿ ಬಂತು.

ಊಟದ ಪ್ರಯೋಗಗಳೂ ನಡೆದವು. ರಾಗಿ ಅಂಬಲಿ ಬಾಟಲಿಯಲ್ಲಿ ಮಧ್ಯಾಹ್ನಕ್ಕೆ ಹುಳಿ. ಹುರಿಹಿಟ್ಟು ಬಾಟಲಿಯ ಮೂತಿಯಲ್ಲೇ ಕಟ್ಟಿಕೊಂಡಿತು. ಕೊನೆಗೆ ನಿಂತದ್ದು ಖರ್ಜೂರ, ಬೆಲ್ಲ, ಎಳ್ಳಿನ ಉಂಡೆ. ಉಪ್ಪಿನ ಅಳತೆಯೂ, ಅದರ ಜೊತೆ ಬೆರೆಸಿದ ಇನ್ನೊಂದೂ ನನ್ನ ಹತ್ತಿರವೇ ಇರಲಿ.

ಗ್ಲಾಂಡೊ ಇಳಿದ ಮೇಲೆ ಮೋರಿಯೆನ್ ಕಣಿವೆಯ ರಸ್ತೆಯಲ್ಲಿ ಒಬ್ಬರೇ ತುಳಿಯಬೇಡಿ, ಗಾಳಿ ತಿಂದುಬಿಡುತ್ತೆ. ನಿಂತಾದರೂ ಗುಂಪು ಹಿಡಿಯಿರಿ. ಆಮೇಲಿನ ದೊಡ್ಡ ಏರು ಗಾಲಿಬಿಯೇ, 2,642 ಮೀಟರ್. ವಲ್ವಾರ್ ಊರಿನಿಂದ ಪ್ಲಾನ್ ಲಷಾ ಅನ್ನೋ ಜಾಗದವರೆಗೆ ಸುಮ್ಮನಿರುತ್ತೆ, ಅಲ್ಲಿಂದ ಮೇಲಿನ ಎಂಟು ಕಿ.ಮೀ. ನಿಜವಾದ ಬೆಟ್ಟ. ಅಲ್ಲಿ ನನ್ನ ವೇಗ ಗಂಟೆಗೆ ಏಳೆಂಟು ಕಿ.ಮೀ., ಆದರೆ ಕಾಲು ತಿರುಗ್ತಾನೇ ಇತ್ತು.

ಆಲ್ಪ್ ಡುಯೆಜ್‌ನ 21 ತಿರುವುಗಳನ್ನು ಇಳಿಕೆ ಕ್ರಮದಲ್ಲಿ ಎಣಿಸಿದ್ದಾರೆ. ಬುಡದ ಮೊದಲ ಎರಡು ಕಿ.ಮೀ. ಶೇ. 10ರ ಏರು, ಜನ ಉದುರೋದು ಅಲ್ಲೇ. ಆ ಭಾಗ ದಾಟೋವರೆಗೆ 34-34 ಬಿಟ್ಟು ಕದಲಲಿಲ್ಲ. ಹತ್ತನೇ ತಿರುವಿನ ನಂತರ ಒಂದು ಹಲ್ಲು ಏರಿಸಿದೆ, ಅಲ್ಲಿಂದ ಮೇಲಕ್ಕೆ ಜನರನ್ನು ಹಿಂದೆ ಹಾಕುತ್ತಲೇ ಹೋದೆ. ಹೋಗೋರು ಹೊಸ ಬ್ರೇಕ್ ಪ್ಯಾಡ್ ಹಾಕಿಸಿ. ಗಾಲಿಬಿಯೇ ಆದಮೇಲೆ ಲೋಟಾರೆ ಘಾಟಿಯಿಂದ ಇಳಿಯುವಾಗ ಸುರಂಗಗಳಿವೆ, ಹಿಂದಿನ ಕೆಂಪು ದೀಪ ಮರೆಯಬೇಡಿ.