ಫ್ಲೆಕ್ಸಿನಲ್ಲಿದ್ದ ಅಣ್ಣ, ನಮ್ಮ ಮನೆಯ ಅಣ್ಣ

ಅಣ್ಣ ಹೃದಯಾಘಾತದಿಂದ ತೀರಿಕೊಂಡ ಮಾರನೆಯ ದಿನವೇ ಊರಿನ ಬಸ್ ಸ್ಟ್ಯಾಂಡಿನಲ್ಲಿ ಫ್ಲೆಕ್ಸ್ ಕಟ್ಟಿದರು. ಮೇಲೆ ‘ಭಾವಪೂರ್ಣ ಶ್ರದ್ಧಾಂಜಲಿ’, ಕೆಳಗೆ ‘ಬಡವರ ಬಂಧು’. ನಮ್ಮದು ನಾಗಮಂಗಲ ತಾಲೂಕಿನ ಒಂದು ಹಳ್ಳಿ. ರಾತ್ರಿ ಹೊತ್ತು ಯಾರಿಗೆ ಹುಷಾರು ತಪ್ಪಿದರೂ ಗಾಡಿಯಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಓಡುತ್ತಿದ್ದವನು ಅಣ್ಣನೇ. ಅದು ನಿಜ. ಆದರೆ ಹಾಲು ತುಪ್ಪದ ದಿನದ ಹೊತ್ತಿಗೆ ಜನರ ಬಾಯಲ್ಲಿ ಅವನು ಯಾರಿಗೂ ಎದುರು ಮಾತಾಡದ ಮನುಷ್ಯನಾಗಿದ್ದ. ತಿಥಿ ಊಟಕ್ಕೆ ಬಂದವರು "ತಂಗಿ ಅಂದ್ರೆ ಪ್ರಾಣ ಬಿಡ್ತಿದ್ದ" ಅಂತ ನನ್ನ ಕೈ ಹಿಡಿದುಕೊಂಡು ಹೇಳಿದರು.

ಆ ಕೈಯಲ್ಲಿ ಒಂದು ಕಾಲಕ್ಕೆ ಎರಡು ಚಿನ್ನದ ಬಳೆ ಇದ್ದವು. ಅಣ್ಣ ಅವನ್ನು ಇಸ್ಕೊಂಡು, ಅಡ ಇಟ್ಟು ಬೋರ್ ಕೊರೆಸಿದ. ನೀರು ಬೀಳಲಿಲ್ಲ. ಬಳೆ ಬಿಡಿಸಿಕೊಡಲಿಲ್ಲ, ಆ ಮಾತನ್ನೂ ಎತ್ತಲಿಲ್ಲ. ನಾನು ತವರಿಗೆ ಬಂದ ದಿನ ಏನಾದರೊಂದು ನೆಪ ಹೇಳಿ ಹೊಲದ ಕಡೆ ಹೋಗಿಬಿಡುತ್ತಿದ್ದ. ಆ ಸಿಟ್ಟು ಹಾಗೇ ಇತ್ತು. ಅವನಿಲ್ಲ ಅಂತ ಹೊಟ್ಟೆಗೆ ಬೆಂಕಿಯೂ ಬಿದ್ದಿತ್ತು. ಆದರೆ ಎಲ್ಲರೂ ಹೊಗಳುತ್ತಿದ್ದ ಆ ಮನುಷ್ಯನನ್ನು ನೆನೆದು ಅಳಲು ಆಗುತ್ತಿರಲಿಲ್ಲ. ಅವನು ನನಗೆ ಗೊತ್ತಿದ್ದವನೇ ಅಲ್ಲ.

ಬಂದವರೆಲ್ಲ "ಅವ್ವನ್ನ ನೋಡ್ಕೊಳವ್ವ", "ನಿಮ್ಮತ್ತಿಗೆಗೆ ಧೈರ್ಯ ಹೇಳು" ಅನ್ನುತ್ತಿದ್ದರು. ನೀನು ಹೇಗಿದ್ದೀಯ ಅಂತ ಕೇಳಿದವರಿಲ್ಲ. ಒಡಹುಟ್ಟಿದವರಿಗೆ ಬೇರೆ ಕಡೆಯೂ ಹೀಗೇ ಆಗುತ್ತದೆ ಅಂತ ಆಮೇಲೆ ಓದಿ ತಿಳಿದೆ. ಜನ ಲೆಕ್ಕಕ್ಕೆ ಹಿಡಿಯದ ಇಂಥ ದುಃಖದ ಬಗ್ಗೆ ಅಮೆರಿಕದ ವಿದ್ವಾಂಸ ಕೆನೆತ್ ಡೋಕಾ 1980ರ ದಶಕದಿಂದಲೇ ಬರೆದಿದ್ದಾರೆ.

ನಿದ್ದೆ ಬಾರದ ಒಂದು ರಾತ್ರಿ ಟೆಲಿ ಮಾನಸ್‌ಗೆ ಫೋನ್ ಮಾಡಿದೆ. ಮನಸ್ಸಿನ ಕಷ್ಟ ಹೇಳಿಕೊಳ್ಳಲು ಇರುವ ಸಹಾಯವಾಣಿ ಅದು, ನಂಬರ್ 14416. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಶುರು ಮಾಡಿದ್ದು. ಹಗಲು ರಾತ್ರಿ ಇರುತ್ತದೆ, ದುಡ್ಡು ಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಆ ಕಡೆಯಿದ್ದ ಹೆಣ್ಣುಮಗಳು ಸಮಾಧಾನ ಹೇಳಲು ಹೋಗಲಿಲ್ಲ. "ನೀವು ಕಂಡ ಹಾಗೆ ನಿಮ್ಮಣ್ಣ ಹೇಗಿದ್ದರು, ಹೇಳಿ" ಅಂದರು. ಬಳೆಯಿಂದಲೇ ಶುರು ಮಾಡಿದೆ. ಹೇಳ್ತಾ ಹೇಳ್ತಾ, ಮಳೆಯಲ್ಲಿ ಅವನು ಗೊಬ್ಬರದ ಚೀಲ ಹೊದಿಸಿ, ಸೈಕಲ್ಲಿನಲ್ಲಿ ನನ್ನನ್ನು ಹೈಸ್ಕೂಲಿಗೆ ಬಿಟ್ಟು ಬರುತ್ತಿದ್ದುದಕ್ಕೆ ಬಂದೆ. ಆಗ ಅಳು ಬಂತು.

ಮಾರನೆಯ ದಿನದಿಂದ ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಬರೆಯತೊಡಗಿದೆ. ಅವನು ಅಂಥವನು, ಇಂಥವನು ಅಂತ ಬರೆಯುವ ಹಾಗಿಲ್ಲ. ಏನು ಮಾಡಿದ, ಏನು ಅಂದ, ಅಷ್ಟೇ. ಬೀಡಿಯನ್ನು ಕಿವಿಸಂದಿಗೆ ಸಿಕ್ಕಿಸಿಕೊಂಡು ಮನೆಯೆಲ್ಲ ಅದನ್ನೇ ಹುಡುಕುತ್ತಿದ್ದ. ಇಸ್ಪೀಟಿನಲ್ಲಿ ಸೋತು ಬಂದರೆ ಯಾರೊಂದಿಗೂ ಮಾತಿಲ್ಲ. ಗೌರಿ ಹಬ್ಬದ ದುಡ್ಡು ತಂದುಕೊಟ್ಟು, ಹೊರಡುವಾಗ ಬಸ್ ಚಾರ್ಜಿಗೆ ಅಂತ ಅದರಲ್ಲೇ ವಾಪಸ್ ಇಸ್ಕೊಳ್ಳುತ್ತಿದ್ದ. ಮೊದಮೊದಲು ಸಿಟ್ಟಿನ ನೆನಪುಗಳೇ ಜಾಸ್ತಿ. ತಡೆಯಲಿಲ್ಲ. ಅವೆಲ್ಲ ಹಾಳೆಗೆ ಬಂದ ಮೇಲೇ ಉಳಿದವು ಬಂದವು.

ಅವ್ವನ ಹತ್ತಿರ ಇದನ್ನು ಆಡಲಿಲ್ಲ. ಮಗನನ್ನು ದೇವರು ಮಾಡಿಕೊಂಡು ಆಕೆ ದಿನ ದೂಡುತ್ತಿದ್ದರೆ ಹಾಗೇ ಇರಲಿ. ಊರಿನವರ ಜೊತೆಗೂ ವಾದಕ್ಕೆ ಹೋಗಲಿಲ್ಲ. ಅವರಿಗೆ ಸಿಕ್ಕ ಅಣ್ಣ ಅವನು. ನನಗೆ ಬೇಕಿದ್ದದ್ದು ಏನನ್ನೂ ಮುಚ್ಚಿಡದೆ ಮಾತಾಡಲು ಒಂದು ಜೀವ. ಅತ್ತಿಗೆಯೇ ಸಿಕ್ಕರು. ಒಂದಿನ ಒಲೆ ಮುಂದೆ ಕೂತು, "ನಿಮ್ಮಣ್ಣ ಎಷ್ಟು ಸಾಲ ಮಾಡವ್ರೆ ಗೊತ್ತಾ?" ಅಂತ ಸೆರಗಿನಲ್ಲಿದ್ದ ಲೆಕ್ಕದ ಚೀಟಿ ಬಿಚ್ಚಿದರು. ಊರೆಲ್ಲ ಹೊಗಳುವ ಗಂಡನ ಸಾಲವನ್ನು ಆಕೆ ಯಾರಿಗೆ ತೋರಿಸಬೇಕಿತ್ತು, ಹೇಳಿ?

ಗೌರಿ ಹಬ್ಬ, ಮಹಾಲಯ ಅಮಾವಾಸ್ಯೆ ಎರಡೂ ಬರುವುದು ಭಾದ್ರಪದದಲ್ಲೇ. ಮೊದಲ ವರ್ಷ ಆ ತಿಂಗಳು ಕಳೆಯುವುದು ಬಹಳ ಕಷ್ಟವಾಯಿತು. ಸತ್ತವರಿಗೆ ಏನಿಷ್ಟವೋ ಅದನ್ನೇ ಎಡೆಗೆ ಇಡುವುದು ನಮ್ಮ ಕಡೆಯ ಪದ್ಧತಿ. ಮುದ್ದೆ, ಮಟನ್ ಸಾರು, ವಡೆ, ಹೊಸ ಪಂಚೆ ಎಲ್ಲ ಇಟ್ಟಾಯಿತು. ಬೀಡಿಯನ್ನೂ ಇಡೋಣ ಅಂದೆ. "ಊರೋರು ಬತ್ತಾರೆ, ಅಂಥೋನಿಗೆ ಬೀಡಿ ಯಾಕವ್ವ" ಅಂದರು ಚಿಕ್ಕಪ್ಪ. ನಮ್ಮಪ್ಪನ ಎಡೆಗೆ ಹೊಗೆಸೊಪ್ಪು ಇಟ್ಟಿದ್ದವರು ಅವರೇ. ಅತ್ತಿಗೆ ಗೂಡಿನಿಂದ ಬೀಡಿ ಕಟ್ಟು, ಬೆಂಕಿಪೊಟ್ಟಣ ತಂದು ಎಲೆಯ ಪಕ್ಕ ಇಟ್ಟೇಬಿಟ್ಟರು. ಚಿಕ್ಕಪ್ಪ ಮಾತಾಡಲಿಲ್ಲ. ಧೂಪ ಹಾಕಿ, ಬಾಗಿಲು ಮುಂದಕ್ಕೆಳೆದು ಎಲ್ಲರೂ ಜಗಲಿಗೆ ಬಂದೆವು. ಅಲ್ಲಿ ನಾನೂ ಅತ್ತಿಗೆಯೂ ಮನಸಾರೆ ಅತ್ತೆವು.

ಅಣ್ಣನ ಮಗ ಈಗ ಹೈಸ್ಕೂಲಿನಲ್ಲಿದ್ದಾನೆ. ಹೋದಲ್ಲಿ ಬಂದಲ್ಲಿ "ನಿಮ್ಮಪ್ಪನ ಹೆಸರು ಉಳಿಸಪ್ಪ" ಅನ್ನುತ್ತಾರಂತೆ. ಲೆಕ್ಕದಲ್ಲಿ ಮಾರ್ಕ್ಸ್ ಕಡಿಮೆ ಬಂದಿದ್ದಕ್ಕೆ ಊಟ ಬಿಟ್ಟು ಕೂತಿದ್ದ. ನಿಮ್ಮಪ್ಪ ಎಸ್ಸೆಸ್ಸೆಲ್ಸಿಯಲ್ಲಿ ಲೆಕ್ಕಕ್ಕೇ ಫೇಲಾಗಿ, ಹೆದರಿ ಅಜ್ಜಿ ಊರಿಗೆ ಓಡಿಹೋಗಿದ್ದ ಅಂತ ಹೇಳಿದೆ. "ಹೌದಾ ಅತ್ತೆ? ಆಮೇಲೆ?" ಅಂದ. ಈಗ ಊರಿಗೆ ಹೋದಾಗಲೆಲ್ಲ ಇನ್ನೊಂದು ಹೇಳು ಅಂತ ಪಕ್ಕದಲ್ಲಿ ಕೂರುತ್ತಾನೆ. ಬಳೆಯ ವಿಷಯ ಇನ್ನೂ ಹೇಳಿಲ್ಲ. ಸ್ವಲ್ಪ ದೊಡ್ಡವನಾಗಲಿ, ಅದನ್ನೂ ಹೇಳುತ್ತೇನೆ.